ಪರಮಾಣುಗಳ ಅಂತರದಿಂದ ಅದಿರಿನ ಘನಫಲದ ಅಂದಾಜು: ಒಂದು ಅಧ್ಯಯನ ಪಾಠ

ಹೊಸಪೇಟೆ ತಾಲ್ಲೂಕಿನ ಪಾಪಿನಾಯಕನಹಳ್ಳಿಯ ಜನರಿಗೆ ಸಂಡೂರು ಬೆಟ್ಟಸಾಲಿನ ಕಬ್ಬಿಣದ ಅದಿರು ಹೊತ್ತ ಲಾರಿಗಳು ಹೊಸತಲ್ಲ. ಅರ್ಧವಷ್ಟೇ ತುಂಬಿದಂತೆ ಕಾಣುವ ಲಾರಿಯೂ ಅನುಮತಿಸಿದ ಭಾರವನ್ನು ಮೀರಿರಬಹುದು. ಆ ಭಾರವನ್ನು ಹೊರುವುದು ಊರಿನ ರಸ್ತೆ. ಒಂದು ಘನ ಮೀಟರ್ ಅದಿರಿನ ತೂಕವೆಷ್ಟು ಎಂಬುದನ್ನು ಅಂದಾಜಿಸುವ ಕ್ರಮವನ್ನು ಪಂಚಾಯಿತಿ ಸದಸ್ಯರು, ತಾಂತ್ರಿಕ ಸಿಬ್ಬಂದಿ ಹಾಗೂ ಅರಿವು ಕೇಂದ್ರಗಳ ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ವಿವರಿಸಲಾಗಿದೆ.

1. ಮೂಲ ತತ್ತ್ವ

ಸ್ಫಟಿಕ ರೂಪದ ಘನವಸ್ತುವಿನಲ್ಲಿ ಪರಮಾಣುಗಳು ಕ್ರಮಬದ್ಧವಾಗಿ ಜೋಡಣೆಗೊಂಡಿರುತ್ತವೆ. ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಗೋಡೆ ಕಟ್ಟುವಂತೆ, ಒಂದೇ ಅಳತೆಯ ಪುಟ್ಟ ಕೋಶವು ಮತ್ತೆ ಮತ್ತೆ ಬಂದು ಇಡೀ ವಸ್ತು ರೂಪುಗೊಳ್ಳುತ್ತದೆ. ಕೋಶದ ಘನಫಲ ಹಾಗೂ ಅದರೊಳಗಿನ ಪರಮಾಣುಗಳ ಸಂಖ್ಯೆ ತಿಳಿದರೆ ಉಳಿದದ್ದು ಗುಣಾಕಾರ, ಭಾಗಾಕಾರ ಮಾತ್ರ. ಈ ಅಳತೆಗಳನ್ನು ಕ್ಷ-ಕಿರಣಗಳ ಸಹಾಯದಿಂದ ಪಡೆಯಲಾಗುತ್ತದೆ. ಈ ವಿಧಾನವನ್ನು ಬೆಳೆಸಿದ ತಂದೆ-ಮಗ ಬ್ರಾಗ್ ಅವರಿಗೆ 1915ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಅಳತೆಯ ಮಾನ ಆಂಗ್‌ಸ್ಟ್ರಾಮ್. 10 ಕೋಟಿ ಆಂಗ್‌ಸ್ಟ್ರಾಮ್ ಸೇರಿದರೆ 1 ಸೆಂ.ಮೀ. ಆಗುತ್ತದೆ. ಒಂದು ಮೋಲ್ ಎಂದರೆ 6.022 × 10²³ ಕಣಗಳು. ಆದುದರಿಂದ ಒಂದು ಕಣದ ಪಾಲಿನ ಘನಫಲವನ್ನು ಘನ ಆಂಗ್‌ಸ್ಟ್ರಾಮ್‌ಗಳಲ್ಲಿ ಬರೆದು 0.6022ರಿಂದ ಗುಣಿಸಿದರೆ, ಒಂದು ಮೋಲ್‌ನ ಘನಫಲವು ಘನ ಸೆಂ.ಮೀ.ಗಳಲ್ಲಿ ದೊರೆಯುತ್ತದೆ.

2. ಸರಳ ಉದಾಹರಣೆ: ಕಬ್ಬಿಣ

ಶುದ್ಧ ಕಬ್ಬಿಣದ ಕೋಶವು ಘನಾಕೃತಿಯದು, ಅಂಚು 2.866 ಆಂಗ್‌ಸ್ಟ್ರಾಮ್. ಎಂಟು ಮೂಲೆಗಳಲ್ಲಿ ಒಂದೊಂದು ಪರಮಾಣು, ನಡುವೆ ಇನ್ನೊಂದು. ಮೂಲೆಯ ಪ್ರತಿ ಪರಮಾಣುವನ್ನು ಎಂಟು ಕೋಶಗಳು ಹಂಚಿಕೊಳ್ಳುವುದರಿಂದ ಒಂದು ಕೋಶಕ್ಕೆ ಒಟ್ಟು 2 ಪರಮಾಣುಗಳು.

ಕೋಶದ ಘನಫಲ: 2.866 × 2.866 × 2.866 = 23.54
ಒಂದು ಪರಮಾಣುವಿನ ಪಾಲು: 23.54 ÷ 2 = 11.77
ಒಂದು ಮೋಲ್‌ನ ಘನಫಲ: 11.77 × 0.6022 = 7.09 ಘನ ಸೆಂ.ಮೀ.
ಸಾಂದ್ರತೆ: 55.85 ಗ್ರಾಂ ÷ 7.09 = 7.88 ಗ್ರಾಂ/ಘನ ಸೆಂ.ಮೀ.

3. ಸಂಡೂರಿನ ಅದಿರು: ಹೆಮಟೈಟ್

ಈ ಭಾಗದ ಅದಿರಿನಲ್ಲಿ ಪ್ರಧಾನವಾದ ಖನಿಜ ಹೆಮಟೈಟ್. ಇದರ ಒಂದು ಘಟಕದಲ್ಲಿ ಎರಡು ಕಬ್ಬಿಣ ಹಾಗೂ ಮೂರು ಆಮ್ಲಜನಕ ಪರಮಾಣುಗಳಿವೆ; ಮೋಲ್‌ನ ದ್ರವ್ಯರಾಶಿ 159.7 ಗ್ರಾಂ. ಪರಮಾಣುಗಳ ಈ ಜೋಡಣೆಯನ್ನು ಪಾಲಿಂಗ್ ಮತ್ತು ಹೆಂಡ್ರಿಕ್ಸ್ 1925ರಲ್ಲಿ ವಿವರಿಸಿದರು. ಕೋಶದ ತಳವು ವಜ್ರಾಕೃತಿಯದು; ಬಾಹು 5.036, ಎತ್ತರ 13.75 ಆಂಗ್‌ಸ್ಟ್ರಾಮ್, ಒಳಗೆ 6 ಘಟಕಗಳು.

ಕೋಶದ ಘನಫಲ: 0.866 × 5.036 × 5.036 × 13.75 = 302
ಒಂದು ಘಟಕದ ಪಾಲು: 302 ÷ 6 = 50.33
ಒಂದು ಮೋಲ್‌ನ ಘನಫಲ: 50.33 × 0.6022 = 30.31 ಘನ ಸೆಂ.ಮೀ.
ಸಾಂದ್ರತೆ: 159.7 ÷ 30.31 = 5.27

ಅಂದರೆ ಸಂದಿಲ್ಲದ ಒಂದು ಘನ ಮೀಟರ್ ಹೆಮಟೈಟ್ 5.27 ಟನ್ ತೂಗುತ್ತದೆ. ಒಂದು ಟನ್‌ಗೆ ಬೇಕಾದ ಜಾಗ ಕೇವಲ 0.19 ಘನ ಮೀಟರ್.

4. ಬಂಡೆ ಬೇರೆ, ರಾಶಿ ಬೇರೆ

ಮೇಲಿನ ಅಂಕಿಯು ಗರಿಷ್ಠ ಮಿತಿಯೇ ಹೊರತು ರಾಶಿಯ ತೂಕವಲ್ಲ. ಪುಡಿ ಮತ್ತು ಗಡ್ಡೆಗಳ ನಡುವೆ ಸಂದುಗಳಿರುತ್ತವೆ. ಅದಿರಿನಲ್ಲಿ ಮಣ್ಣು, ಸಿಲಿಕಾ, ತೇವಾಂಶವೂ ಬೆರೆತಿರುತ್ತವೆ. ಆದ್ದರಿಂದ ಅಳತೆ ಗೊತ್ತಿರುವ ಪೆಟ್ಟಿಗೆಯೊಂದನ್ನು ಅದಿರಿನಿಂದ ತುಂಬಿ ತೂಗಿ, ರಾಶಿಯ ಸಾಂದ್ರತೆಯನ್ನು ಪ್ರತ್ಯೇಕವಾಗಿ ಕಂಡುಕೊಳ್ಳತಕ್ಕದ್ದು. ಉದಾಹರಣೆಗೆ, ಒಂದು ಘನ ಮೀಟರ್ ಒಣ ರಾಶಿಯು 2.6 ಟನ್ ತೂಗಿತೆನ್ನೋಣ. ಅದೆಲ್ಲವೂ ಹೆಮಟೈಟ್ ಎಂದು ಭಾವಿಸಿದರೆ, 2.6 ÷ 5.27 = 0.49. ರಾಶಿಯ ಅರ್ಧದಷ್ಟು ಜಾಗ ಬರೀ ಗಾಳಿ.

ಈ ವ್ಯತ್ಯಾಸವನ್ನು ಮರೆತರೆ 100 ಘನ ಮೀಟರ್‌ನ ರಾಶಿಯು 260ರ ಬದಲು 527 ಟನ್ ಎಂದು ದಾಖಲಾಗುತ್ತದೆ. ರಾಜಧನವು ಅದಿರಿನ ತೂಕ ಮತ್ತು ದರ್ಜೆಯನ್ನು ಅವಲಂಬಿಸಿದೆ. ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಲ್ಲುವ ವಂತಿಗೆಯು ರಾಜಧನವನ್ನು ಅವಲಂಬಿಸಿದೆ. ಹೀಗಾಗಿ ತೂಕದ ತಪ್ಪು ಗಣಿಬಾಧಿತ ಊರುಗಳಿಗೆ ಸಲ್ಲಬೇಕಾದ ನಿಧಿಯ ಲೆಕ್ಕವನ್ನೂ ಕೆಡಿಸುತ್ತದೆ.

ಲಾರಿಗೂ ಇದೇ ಲೆಕ್ಕ. 16 ಟನ್ ಹೊರಲು ಅನುಮತಿಯಿರುವ, 10 ಘನ ಮೀಟರ್ ತೊಟ್ಟಿಯ ಲಾರಿಯಲ್ಲಿ ಈ ಅದಿರನ್ನು ಸುಮಾರು 6.15 ಘನ ಮೀಟರ್ ಮಾತ್ರ ತುಂಬಬಹುದು. ಅಂಚಿನವರೆಗೆ ತುಂಬಿದರೆ ಭಾರ 26 ಟನ್ ಆಗುತ್ತದೆ. ಕಣ್ಣಳತೆಯಿಂದ ಅನುಮಾನ ಮೂಡಬಹುದು. ತೀರ್ಮಾನಕ್ಕೆ ವೇಬ್ರಿಡ್ಜ್‌ನ ತೂಕವೇ ಆಧಾರ.

5. ಅಭ್ಯಾಸ

12 ಮಿ.ಮೀ. ವ್ಯಾಸದ, 1 ಮೀಟರ್ ಉದ್ದದ ಕಬ್ಬಿಣದ ಸರಳಿನ ತೂಕವನ್ನು ಎರಡನೆಯ ಭಾಗದ ಸಾಂದ್ರತೆಯಿಂದ ಕಂಡುಹಿಡಿಯಿರಿ.

ಉತ್ತರ: ಘನಫಲ 113.1 ಘನ ಸೆಂ.ಮೀ.; ತೂಕ ಸುಮಾರು 0.89 ಕೆ.ಜಿ. ವ್ಯಾಸದ ವರ್ಗವನ್ನು 162ರಿಂದ ಭಾಗಿಸುವ ಕಾಮಗಾರಿ ಸೂತ್ರದಿಂದಲೂ (144 ÷ 162) ಇದೇ ಉತ್ತರ ಬರುತ್ತದೆ. ಕಾಮಗಾರಿಗೆ ಬಂದ ಸರಳನ್ನು ತೂಗಿ, ಈ ಅಂಕಿಯೊಡನೆ ಹೋಲಿಸಿ ನೋಡುವುದು.