ಸುಣ್ಣ ಕೇಳಿದ ಪೋರ್ಚುಗೀಸನೂ ನಮ್ಮ ನೀರಗಂಟಿಯೂ

ಅಳಿಯಾ, ಮೊನ್ನೆ ರಾತ್ರಿ ಮಂಡಕ್ಕಿ ಅಂಗಡಿ ಮುಂದೆ ನೀನೂ ನಿನ್ನ ಗೆಳೆಯರೂ ಕೂಗಾಡಿದ್ದೆಲ್ಲ ನನಗೆ ಕೇಳಿಸಿತು. ಒಗ್ಗರಣೆ ಮಂಡಕ್ಕಿ ಮೆತ್ತಗಾಗಿ, ಮಿರ್ಚಿ ತಣ್ಣಗಾದರೂ ನಿಮ್ಮ ಮಾತು ಮುಗಿದಿರಲಿಲ್ಲ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡಕ್ಕೆ ಹೊರದೇಶದ ಕೋಚ್ ಬೇಕೋ, ನಮ್ಮವನೇ ಸಾಕೋ ಅಂತ ಜಗಳ. ಕಂಪ್ಲಿ ಹುಡುಗ, ‘ಬಿಳಿ ಮುಖ ಕಂಡ್ರೆ ಸಾಕು, ಚೆಕ್ ಬರೆದುಬಿಡ್ತಾರೆ’ ಅಂದ. ಸಂಡೂರಿನವನು, ‘ನಮ್ಮವರು ಏನು ಗೆದ್ದು ಕೊಟ್ಟಿದ್ದಾರೆ ಹೇಳು ನೋಡೋಣ’ ಅಂದ. ನೀನು ಇಬ್ಬರ ಮೇಲೂ ರೇಗಿದೆ. ಆಗ ನಾನು ಎದ್ದು ಬರಲಿಲ್ಲ. ಬಾಯಿ ಬಿಸಿ ಇದ್ದಾಗ ಹಿರಿಯರ ಮಾತು ಯಾರಿಗೂ ಹಿಡಿಸೋದಿಲ್ಲ. ಈಗ ಸಮಾಧಾನವಾಗಿ ಕೂತು ಬರೆಯುತ್ತಿದ್ದೇನೆ, ನೀನೂ ಸಮಾಧಾನವಾಗಿ ಓದು.

ನೀವು ಜಗಳ ಆಡಿದ ಈ ಹೊಸಪೇಟೆಯಲ್ಲಿಯೇ ಐನೂರು ವರ್ಷದ ಹಿಂದೆ ಇದೇ ಪ್ರಶ್ನೆ ಎದ್ದಿತ್ತು. ಊರಿಂದ ದಕ್ಷಿಣಕ್ಕೆ ಹೋದರೆ ಎರಡು ಗುಡ್ಡಗಳ ನಡುವೆ ರಾಯರ ಕೆರೆಯ ಏರಿ ಇದೆಯಲ್ಲ, ಅದನ್ನು ಕೃಷ್ಣದೇವರಾಯ ಕಟ್ಟಿಸಿದ. ಕೆಲಸ ನಡೆಯುವಾಗ ನೋಡಿದ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿ, ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಮುತ್ತಿಕೊಂಡು ದುಡಿಯುತ್ತಿದ್ದರು ಎಂದು ಬರೆದಿದ್ದಾನೆ. ಏರಿ ಮತ್ತೆ ಮತ್ತೆ ಒಡೆಯಿತು. ಗೋವೆಯ ಗವರ್ನರನಿಂದ ಒಬ್ಬ ಕಲ್ಲುಕೆಲಸದ ನಿಪುಣನನ್ನು ರಾಯ ಎರವಲು ತರಿಸಿಕೊಂಡಿದ್ದ. ಹೆಸರು ಜೋವಾವೊ ದೆ ಲಾ ಪೋಂಟೆ. ಈ ಕಥೆ ಹೇಳುವವನು ನ್ಯೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸ. ಆ ಹೊರಗಿನವನು ಸುಣ್ಣ ಸಿದ್ಧಮಾಡಿಸಿ ಅಂದಾಗ ರಾಯ ಬಹಳ ನಕ್ಕನಂತೆ. ಆಮೇಲೆ ದೊಡ್ಡ ದೊಡ್ಡ ಬಂಡೆಗಳನ್ನೇ ಕಣಿವೆಗೆ ಉರುಳಿಸಿದರು. ಹಗಲು ಕಟ್ಟಿದ್ದು ರಾತ್ರಿ ಕುಸಿಯಿತು.

ಈ ಕಥೆ ಕೇಳಿದ ಕೂಡಲೇ ನಿನ್ನ ಸಂಡೂರಿನ ಗೆಳೆಯ, ‘ನೋಡಿ ಮಾವ, ಹೊರಗಿನವನ ಮಾತು ಕೇಳಬೇಕಿತ್ತು’ ಅನ್ನುತ್ತಾನೆ. ನಿಜವೇ. ಕರೆಸಿಕೊಂಡ ಮೇಲೆ ಅವನು ಕೇಳುವ ಸುಣ್ಣವನ್ನು ಕೊಡಬೇಕು. ಕೊಡದೆ ನಕ್ಕು, ಏರಿ ಒಡೆದ ಮೇಲೆ ಅವನನ್ನೇ ಬೈದರೆ ಏನು ನ್ಯಾಯ? ಆದರೆ ಕಥೆ ಇಷ್ಟಕ್ಕೇ ನಿಲ್ಲುವುದಿಲ್ಲ. ಹಂಪಿಯ ಕಡೆ ತುರ್ತಾ ಕಾಲುವೆ, ಈಚೆ ರಾಯ, ಬಸವಣ್ಣ ಕಾಲುವೆಗಳು ವಿಜಯನಗರದ ಕಾಲದವು, ಇವತ್ತಿಗೂ ಗದ್ದೆಗೆ, ಬಾಳೆ ತೋಟಕ್ಕೆ ನೀರು ಕೊಡುತ್ತಿವೆ. ಯಾಕೆ ಉಳಿದವು? ತೂಬು ಎಷ್ಟು ಎತ್ತಬೇಕು, ಹೂಳು ಯಾವಾಗ ತೆಗೆಯಬೇಕು, ಯಾರ ಹೊಲಕ್ಕೆ ಯಾವ ಸರದಿ ಎಂದು ಬಲ್ಲ ನೀರಗಂಟಿಗಳು ತಲೆಮಾರಿಗೆ ತಲೆಮಾರು ಇಲ್ಲೇ ಇದ್ದರು, ಮಕ್ಕಳಿಗೆ ಕಲಿಸಿದರು. ಕಟ್ಟಿದವನು ಯಾವ ಊರಿನವನಾದರೂ ಆಗಲಿ, ನೋಡಿಕೊಳ್ಳುವವನು ಈ ಮಣ್ಣಿನಲ್ಲಿ ಇರಬೇಕು. ನಿಮ್ಮ ಜಗಳದಲ್ಲಿ ಈ ನೀರಗಂಟಿಯ ಮಾತೇ ಬರಲಿಲ್ಲ ಅಳಿಯಾ. ನನಗೆ ನೋವಾದದ್ದು ಅದಕ್ಕೆ.

ಈಗ ಬೆಂಗಳೂರು ಎಫ್‌ಸಿ ಲೆಕ್ಕ ನೋಡು. 2013ರಲ್ಲಿ ಹುಟ್ಟಿದ ಕ್ಲಬ್ಬಿಗೆ ಮೊದಲ ಕೋಚ್ ಇಂಗ್ಲೆಂಡಿನ ಆಶ್ಲೇ ವೆಸ್ಟ್‌ವುಡ್. ಮೊದಲ ವರ್ಷವೇ ಐ-ಲೀಗ್ ಗೆದ್ದರು, 2016ರಲ್ಲಿ ಮತ್ತೊಮ್ಮೆ. ಆಮೇಲೆ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ಅದೇ ವರ್ಷ ನವೆಂಬರಿನಲ್ಲಿ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿದ ಮೊದಲ ಭಾರತೀಯ ಕ್ಲಬ್ ನಮ್ಮದು. ಇರಾಕಿನ ವಾಯುಪಡೆ ತಂಡದೆದುರು 1-0ಯಿಂದ ಸೋತೆವು, ಆದರೂ ಆ ರಾತ್ರಿ ನಾನು ಹೆಮ್ಮೆಯಿಂದ ಮಲಗಿದೆ. ರೋಕಾ ಅವರ ಪಕ್ಕದಲ್ಲಿ ಸಹಾಯಕರಾಗಿ ಕೂತಿದ್ದವರು ಕಾರ್ಲೆಸ್ ಕ್ವಾಡ್ರಾಟ್. ಎರಡು ವರ್ಷ ನಮ್ಮ ಹುಡುಗರ ಕಾಲು, ನಮ್ಮ ಸೆಖೆ, ನಮ್ಮ ಪ್ರಯಾಣದ ದಣಿವು ಎಲ್ಲ ನೋಡಿದ ಮೇಲೆ 2018ರಲ್ಲಿ ಮುಖ್ಯ ಕೋಚ್ ಆದರು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ, ಹೆಚ್ಚುವರಿ ಸಮಯದ ಕೊನೆಗೆ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ನಿನಗೂ ನೆನಪಿದೆ, ನೀನು ಮಂಚದಿಂದ ಹಾರಿದ್ದೆ. ಗೋವಾವನ್ನು ಸೋಲಿಸಿ ಐಎಸ್‌ಎಲ್ ಗೆದ್ದೆವು. ಆ ಕ್ವಾಡ್ರಾಟ್ ಕೈಕೆಳಗೆ ಕೆಲಸ ಮಾಡಿದ್ದ ಜೆರಾರ್ಡ್ ಜರಗೋಜಾ ಮುಂದೆ ತಾವೇ ಮುಖ್ಯ ಕೋಚ್ ಆಗಿ 2025ರ ಫೈನಲ್‌ವರೆಗೆ ತಂಡವನ್ನು ಕರೆದೊಯ್ದರು. ಇವರಿಬ್ಬರೂ ಹೊರಗಿನವರೇ. ಆದರೆ ಮೊದಲು ಇಲ್ಲಿ ಕೂತು ನೋಡಿ, ಆಮೇಲೆ ಕೈಗೆ ತೆಗೆದುಕೊಂಡರು. ನೇರವಾಗಿ ಬಂದು ಒಂದೇ ಋತುವಿಗೆ ಹೊರಟವರೂ ಇದ್ದಾರೆ. ಆ ಋತುಗಳಲ್ಲಿ ಏನು ಉಳಿಯಿತು ಎಂದು ನೀನೇ ಯೋಚಿಸು.

ಹಾಗೆಂದು ಅಪಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಕಂಪ್ಲಿ ಹುಡುಗನ ಸಿಟ್ಟಿಗೂ ಆಧಾರ ಇದೆ. ರಾಷ್ಟ್ರೀಯ ತಂಡದ ಕ್ರೊಯೇಷಿಯಾದ ಕೋಚ್ ಇಗೊರ್ ಸ್ಟಿಮಾಚ್ ಅವರನ್ನು 2024ರ ಜೂನ್‌ನಲ್ಲಿ ತೆಗೆದರು. ಒಪ್ಪಂದದ ಅವಧಿ ಮುಗಿದಿರಲಿಲ್ಲವಾದ್ದರಿಂದ ಕೊನೆಗೆ 4 ಲಕ್ಷ ಡಾಲರ್, ಅಂದರೆ ಸುಮಾರು 3.36 ಕೋಟಿ ರೂಪಾಯಿ ಪರಿಹಾರ ಕೊಡಬೇಕಾಯಿತು. ಆ ದುಡ್ಡಿನಲ್ಲಿ ನಮ್ಮ ಜಿಲ್ಲೆಗಳ ಎಷ್ಟು ಮೈದಾನಕ್ಕೆ ಹುಲ್ಲು ಹಾಸಬಹುದಿತ್ತು! ಆದರೆ ತಪ್ಪು ಎಲ್ಲಿದೆ ನೋಡು. ಅವರ ಪಾಸ್‌ಪೋರ್ಟಿನಲ್ಲಿ ಇಲ್ಲ. ಒಪ್ಪಂದ ಬರೆದವರ ಅವಸರದಲ್ಲಿದೆ, ಮುಂದಿನದನ್ನು ಯೋಚಿಸದ ನಮ್ಮ ಪದ್ಧತಿಯಲ್ಲಿದೆ. 2025ರ ಆಗಸ್ಟಿನಲ್ಲಿ ನಮ್ಮವರೇ ಆದ ಖಾಲಿದ್ ಜಮೀಲ್ ಬಂದರು. ಕಾಫಾ ನೇಷನ್ಸ್ ಕಪ್‌ನಲ್ಲಿ ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿದಾಗ ಎಲ್ಲರೂ ಹೊಗಳಿದರು. ಮುಂದಿನ ತಿಂಗಳೇ, ಮಡಗಾಂವಿನಲ್ಲಿ ಸಿಂಗಪುರದೆದುರು ಸೋತಾಗ ಅದೇ ಬಾಯಿಗಳು ಬೈದವು. ತಾಳ್ಮೆ ಇಲ್ಲದ ಕಡೆ ನಮ್ಮವನೂ ನಿಲ್ಲುವುದಿಲ್ಲ, ಹೊರಗಿನವನೂ ನಿಲ್ಲುವುದಿಲ್ಲ.

ನಮ್ಮವರು ಏನು ಗೆದ್ದರು ಎಂದು ಕೇಳಿದನಲ್ಲ ಆ ಹುಡುಗ, ಅವನಿಗೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರ ಹೆಸರು ಹೇಳು. ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಗೇಮ್ಸ್ ಚಿನ್ನ, ನಡುವೆ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ಅವರು ಬಾವಿಯ ಕಪ್ಪೆಯಾಗಿರಲಿಲ್ಲ. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮಗೆ 10-1ರಲ್ಲಿ ಹೊಡೆಯಿತು. ನಮ್ಮ ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಅವತ್ತು ಪೆಟ್ಟು ತಿಂದ ಮೇಲೆ ಬೂಟು ಹಾಕುವುದನ್ನು ಕಲಿತೆವು, ರಹೀಂ ಸಾಹೇಬರು ಆಟದ ಕಟ್ಟನ್ನೇ ಬದಲಿಸಿದರು. ಪರದೇಶದ ವಿದ್ಯೆ ಬಂತು, ಬಂದದ್ದು ನಮ್ಮವರ ತಲೆಯ ಮೂಲಕ. ಇನ್ನು ಕಂಪ್ಲಿಯವನಿಗೆ 1964ರ ಏಷ್ಯನ್ ಕಪ್ ನೆನಪಿಸು. ನಾವು ಎರಡನೇ ಸ್ಥಾನ ಪಡೆದದ್ದು ಇಂಗ್ಲೆಂಡಿನ ಹ್ಯಾರಿ ರೈಟ್ ಅವರ ಕೈಕೆಳಗೆ. ಆದರೆ ಅವತ್ತು ಅವರು ಆಡಿಸಿದ ಹುಡುಗರಲ್ಲಿ ಹಲವರನ್ನು ಬೆಳೆಸಿದವರು ರಹೀಂ ಸಾಹೇಬರೇ.

ಒಂದು ನನ್ನದೇ ಸಂಗತಿ. ನನಗೆ ಹತ್ತೊಂಬತ್ತು ವರ್ಷ ಇದ್ದಾಗ ನಾವು ಆಡುತ್ತಿದ್ದ ತಂಡಕ್ಕೆ ಹೊರಗಿನ ಕೋಚ್ ಒಬ್ಬರು ಎರಡು ತಿಂಗಳು ಬಂದಿದ್ದರು. ಚೆಂಡು ಕಾಲಿಗೆ ಬರುವ ಮುಂಚೆ ಹೆಗಲ ಹಿಂದೆ ಒಮ್ಮೆ ನೋಡು, ಮೈಯನ್ನು ಅರ್ಧ ತಿರುಗಿಸಿಕೊಂಡು ನಿಲ್ಲು ಎಂದು ಕಲಿಸಿದರು. ಆ ಎರಡು ತಿಂಗಳಲ್ಲಿ ಮೈದಾನವೇ ದೊಡ್ಡದಾದ ಹಾಗೆ ನನಗೆ ಅನಿಸಿತ್ತು. ಅವರು ಹೋದ ಮೇಲೆ ಅವರ ಅಭ್ಯಾಸಗಳನ್ನು ನಡೆಸುವವರು ಯಾರೂ ಇರಲಿಲ್ಲ. ನಾವು ಒಬ್ಬರೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿರಲಿಲ್ಲ. ಮುಂದಿನ ಮಳೆಗಾಲಕ್ಕೆ ಎಲ್ಲ ಮೊದಲಿನಂತೆ. ಇವತ್ತಿಗೂ ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ನಿಮಗೆ ಆ ದುರ್ದೆಸೆ ಇಲ್ಲ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ, ಗುಡ್ಡದ ಅದಿರು ಕರಗಿಸುವ ಜೆಎಸ್‌ಡಬ್ಲ್ಯು ಕಾರ್ಖಾನೆಯ ಪಕ್ಕದಲ್ಲೇ, ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. ನಿಮ್ಮ ಕ್ಲಬ್ಬೂ ಜೆಎಸ್‌ಡಬ್ಲ್ಯು ಒಡೆತನದ್ದೇ. ತಂಡ ಋತು ಶುರುವಾಗುವ ಮೊದಲು ಅಲ್ಲಿಗೆ ಬಂದು ಅಭ್ಯಾಸ ಮಾಡಿದೆ. ಅಲ್ಲಿ ಹೊರದೇಶದ ತಜ್ಞರಿದ್ದಾರೆ, ಅವರ ಪಕ್ಕದಲ್ಲಿ ನಮ್ಮ ಹುಡುಗರೂ ಇದ್ದಾರೆ. ಆದ್ದರಿಂದ ಕ್ಲಬ್ಬನ್ನು ಕೇಳುವುದಾದರೆ ಇದನ್ನು ಕೇಳಿ: ಯಾವ ಕೋಚ್ ಬಂದರೂ ಅವರ ಜೊತೆ ಕೂಡುವ ಭಾರತೀಯ ಸಹಾಯಕ ಯಾರು? ಎಷ್ಟು ವರ್ಷ ಇರುತ್ತಾನೆ? ಅವರು ಹೋದ ಮೇಲೆ ಅವನಿಗೆ ಏನು ಕೆಲಸ? ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಹಾಡುವವರು ಈ ಪ್ರಶ್ನೆ ಕೇಳಿದರೆ ಒಡೆಯರು ಕಿವಿಗೊಡಲೇಬೇಕು.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡ. ಬಿಳಿ ಮುಖ, ಕರಿ ಮುಖ ಎಂಬ ಮಾತು ನಿಮ್ಮ ಬಾಯಲ್ಲಿ ಬರಬಾರದು. ಮನೆ ಮಠ ಬಿಟ್ಟು, ಭಾಷೆ ಬಾರದ ಊರಿಗೆ ಬಂದು ನಮ್ಮ ಹುಡುಗರ ಜೊತೆ ಬೆವರು ಸುರಿಸುವವನಿಗೆ ಅಷ್ಟು ಮರ್ಯಾದೆ ಸಲ್ಲಬೇಕು. ಆಯ್ಕೆಗೆ ಮುಂಚೆ ಎಷ್ಟು ಬೇಕಾದರೂ ವಾದ ಮಾಡಿ. ಕೋಚ್ ಬಂದು ನಿಂತ ಮೇಲೆ ಒಂದು ಪೂರ್ತಿ ಋತು ಜೊತೆಗೆ ನಿಲ್ಲಿ.

ಮುಂದಿನ ತಿಂಗಳು ನೀನು ಕಂಠೀರವಕ್ಕೆ ಹೋಗುತ್ತೀಯಲ್ಲ, ಒಂದು ಕೆಲಸ ಮಾಡು. ಚೆಂಡಿನ ಮೇಲಿನ ಕಣ್ಣು ಹತ್ತು ನಿಮಿಷ ತೆಗೆದು ಬೆಂಚಿನ ಕಡೆ ನೋಡು. ಕೋಚ್ ಪಕ್ಕದಲ್ಲಿ ಕೂತು ಬರೆದುಕೊಳ್ಳುವ ನಮ್ಮ ಹುಡುಗ ಯಾರು, ಯಾವ ಊರಿನವನು, ವಿಚಾರಿಸಿಕೊಂಡು ಬಾ. ಕಂಪ್ಲಿಯವನನ್ನೂ ಸಂಡೂರಿನವನನ್ನೂ ಕರೆದುಕೊಂಡು ಬಾ. ಅವತ್ತಿನ ಮಂಡಕ್ಕಿ, ಮಿರ್ಚಿ ನನ್ನ ಲೆಕ್ಕ.