ಮೋಸಹೋಗುವವರು ದಡ್ಡರಲ್ಲ

ಅಮೆರಿಕಕ್ಕೆ ಹೊಸದಾಗಿ ಬಂದವರು ಒಂದು ಸಂಗತಿ ತಿಳಿದಿರಲಿ: ಫೋನು, ಇಮೇಲುಗಳ ಮೋಸಕ್ಕೆ ಸಿಕ್ಕಿಬೀಳುವುದಕ್ಕೂ ಓದಿಗೂ ಸಂಬಂಧವಿಲ್ಲ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ ಹೆಸರಾಂತ ಸೈಬರ್ ಭದ್ರತಾ ತಜ್ಞರು. ಯಾರ ಪಾಸ್‌ವರ್ಡ್ ಎಲ್ಲಿ ಸೋರಿಕೆಯಾಗಿದೆ ಎಂದು ಜನರಿಗೆ ತಿಳಿಸುವ ಜಾಲತಾಣವನ್ನೇ ನಡೆಸುವವರು. 2025ರ ಮಾರ್ಚ್‌ನಲ್ಲಿ ಒಂದು ಸುಳ್ಳು ಇಮೇಲ್ ನಂಬಿ ಅವರೇ ಪಾಸ್‌ವರ್ಡ್ ಕೊಟ್ಟರು, ಓಟಿಪಿಯನ್ನೂ ಕೊಟ್ಟರು. ಅವರ ಸುದ್ದಿಪತ್ರದ ಸುಮಾರು 16,000 ಓದುಗರ ಇಮೇಲ್ ವಿಳಾಸಗಳು ಕಳ್ಳರ ಪಾಲಾದವು. ಆಗ ಅವರು ಲಂಡನ್ನಿನಲ್ಲಿದ್ದರು. ದೂರ ಪ್ರಯಾಣದ ಆಯಾಸ, ನಿದ್ದೆಗೇಡು.

ಹೊಸದಾಗಿ ಬಂದವರಿಗೆ ಎಚ್ಚರ ತಪ್ಪುವ ಇಂಥ ಹೊತ್ತು ತಿಂಗಳುಗಟ್ಟಲೆ ಇರುತ್ತದೆ. ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯೂರಿಟಿ ನಂಬರ್) ಕಾರ್ಡು ಬರಬೇಕು, ಬ್ಯಾಂಕಿನ ಕಾಗದ ಬರಬೇಕು, ಮಕ್ಕಳ ಶಾಲೆಯಿಂದ ಕರೆ ಬರಬೇಕು. ಪಾರ್ಸೆಲ್ ನಿಂತಿದೆ, ಟೋಲ್ ಬಾಕಿಯಿದೆ ಎಂಬ ಮೆಸೇಜು ಬಂದರೆ ಇರಬಹುದೇನೋ ಅನ್ನಿಸುವುದು ಸಹಜ. ಇಲ್ಲಿನ ಕಚೇರಿಗಳು ಹೇಗೆ ಮಾತಾಡುತ್ತವೆ ಎಂಬ ಅಂದಾಜೂ ಇನ್ನೂ ಇರುವುದಿಲ್ಲ.

ವೀಸಾದ ಹೆದರಿಕೆ ಇದಕ್ಕಿಂತ ದೊಡ್ಡದು. ಮನೆ ಬದಲಿಸಿದರೆ 10 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಬೇಕು ಎಂಬುದು ನಿಜವಾದ ಕಾನೂನು. ಕಳ್ಳರು ಅದನ್ನೇ ಹಿಡಿಯುತ್ತಾರೆ: "ನೀವು ತಿಳಿಸಿಲ್ಲ, ವಾರಂಟ್ ಹೊರಟಿದೆ." ಫೋನಿನಲ್ಲಿ ಸರ್ಕಾರಿ ಕಚೇರಿಯ ಹೆಸರೇ ಕಾಣುತ್ತದೆ, ಹಾಗೆ ಕಾಣಿಸುವಂತೆ ಮಾಡುವುದು ಅವರಿಗೆ ಸುಲಭ. ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇರುವ ನಮ್ಮ ಹೆಣ್ಣುಮಕ್ಕಳಿಗೆ, ಹಾಸ್ಟೆಲ್ಲಿನ ಹುಡುಗರಿಗೆ ಎದೆ ಒಡೆಯುವುದು ಇಲ್ಲೇ. ಆಮೇಲೆ ಬರುವುದು ಎರಡು ಅಪ್ಪಣೆ: ಲೈನ್ ಕಟ್ ಮಾಡಬೇಡಿ, ಯಾರಿಗೂ ಹೇಳಬೇಡಿ. ಆ ಎರಡನೆಯ ಮಾತು ಕಿವಿಗೆ ಬಿದ್ದ ಕೂಡಲೇ ಫೋನ್ ಇಟ್ಟುಬಿಡಿ. ಗಂಡನಿಗೆ, ಹೆಂಡತಿಗೆ ಹೇಳಬೇಡಿ ಎನ್ನುವ ಸರ್ಕಾರಿ ಅಧಿಕಾರಿ ಇಲ್ಲ. ಗಿಫ್ಟ್ ಕಾರ್ಡಿನಲ್ಲಿ ಹಣ ಕೇಳುವ ಇಲಾಖೆಯೂ ಇಲ್ಲ. ವಿಳಾಸ ಬದಲಾವಣೆ ತಿಳಿಸಲು ಶುಲ್ಕವೇ ಇಲ್ಲ.

ಅನುಮಾನ ಬಂದರೆ ಬಂದ ಲಿಂಕು, ಬಂದ ನಂಬರು ಎರಡನ್ನೂ ಬಿಡಿ. ಬ್ಯಾಂಕ್ ಕಾರ್ಡಿನ ಹಿಂದೆ ಇರುವ ನಂಬರಿಗೆ ನೀವಾಗಿ ಕರೆ ಮಾಡಿ. ಎಸ್‌ಎಸ್‌ಎನ್ ಬೇರೆಯವರ ಕೈಸೇರಿದೆ ಅನ್ನಿಸಿದರೆ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರೂ ಕ್ರೆಡಿಟ್ ಸಂಸ್ಥೆಗಳಲ್ಲಿ, ನಿಮ್ಮ ಹೆಸರಿನಲ್ಲಿ ಬೇರೆಯವರು ಸಾಲ ತೆಗೆಯದಂತೆ, ಕ್ರೆಡಿಟ್ ಫ್ರೀಜ್ ಮಾಡಿಸಿ. 2018ರಿಂದ ಅದು ದೇಶದೆಲ್ಲೆಡೆ ಉಚಿತ.

ಊರಿನಲ್ಲಿರುವ ಅಪ್ಪ ಅಮ್ಮನಿಗೂ ಈ ವಾರವೇ ಹೇಳಿ. ಪೊಲೀಸ್ ಸಮವಸ್ತ್ರದಲ್ಲಿ ವೀಡಿಯೊ ಕರೆ ಮಾಡಿ "ಡಿಜಿಟಲ್ ಅರೆಸ್ಟ್" ಎಂದು ಹೆದರಿಸುವ ಜಾಲ ಅಲ್ಲಿ ಹಿರಿಯರ ಜೀವಮಾನದ ಉಳಿತಾಯವನ್ನು ದೋಚುತ್ತಿದೆ. ಭಾರತದ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಹಣ ಹೋದರೆ ಅವರು ತಕ್ಷಣ ಅಲ್ಲಿನ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಲಿ.

ಹಣ ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿರುವುದೇ ಕಳ್ಳರಿಗೆ ಹೆಚ್ಚು ಅನುಕೂಲ. ಮೊದಲು ಬ್ಯಾಂಕಿಗೆ ಫೋನ್ ಮಾಡಿ, ಆಮೇಲೆ ಇಲ್ಲಿನ ಎಫ್‌ಟಿಸಿಗೆ (ಫೆಡರಲ್ ಟ್ರೇಡ್ ಕಮಿಷನ್) ದೂರು ಕೊಡಿ. ನಿಮ್ಮ ಕನ್ನಡ ಕೂಟದಲ್ಲಿ ಪರಿಚಯವಿರುವ ಯಾರಿಗಾದರೂ ಹೇಳಿ, ರಾತ್ರಿಯಾಗಿದ್ದರೂ ಸರಿ. ಹೀಗೆ ಯಾರಾದರೂ ನಿಮಗೆ ಹೇಳಿಕೊಂಡರೆ "ನೀವು ಹೇಗೆ ನಂಬಿದಿರಿ?" ಎಂದು ದಯವಿಟ್ಟು ಕೇಳಬೇಡಿ.