ಪರದೆಯ ಮೇಲಿನ ತಾರೀಕು ಎಲ್ಲಿಂದ ಬರುತ್ತದೆ?



ರಾಸಿನ ಕಿವಿಗೆ ಹಾಕಿದ ಹಳದಿ ಓಲೆಯ ಮೇಲೆ 12 ಅಂಕಿಗಳ ಸಂಖ್ಯೆ ಇರುವುದು ನಿಮಗೆಲ್ಲ ತಿಳಿದೇ ಇದೆ. ಆ ಸಂಖ್ಯೆಯನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಒತ್ತಿದರೆ ರಾಸಿನ ತಳಿ, ವಯಸ್ಸು, ಹಾಕಿಸಿದ ಲಸಿಕೆ, ಕೃತಕ ಗರ್ಭಧಾರಣೆ ಮಾಡಿಸಿದ ತಾರೀಕು ಎಲ್ಲವೂ ಒಂದು ಪುಟವಾಗಿ ಕಾಣುತ್ತವೆ. ಪರದೆಯ ಮೇಲೆ ಬಂದದ್ದನ್ನು ನಾವೆಲ್ಲ ನಂಬಿಬಿಡುತ್ತೇವೆ. ನಾನೂ ಹಾಗೆಯೇ ನಂಬಿ 2023ರಲ್ಲಿ ಒಬ್ಬ ಸದಸ್ಯೆಗೆ ಮೂರು ವಾರದ ಹಾಲು ನಷ್ಟ ಮಾಡಿಸಿದೆ. ಆದ್ದರಿಂದ ಈ ಪುಟ ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ತಿಳಿದುಕೊಂಡಿರುವುದು ಒಳ್ಳೆಯದೆಂದು ಈ ಪಾಠ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಆಕೆಯ ಮಿಶ್ರತಳಿ ಹಸುವಿಗೆ ಮಾರ್ಚ್ 5ರಂದು ಕೃತಕ ಗರ್ಭಧಾರಣೆ ಆಗಿತ್ತು. ಗಬ್ಬ ನಿಲ್ಲಲಿಲ್ಲ. 21 ದಿನಕ್ಕೆ ಸರಿಯಾಗಿ ಮತ್ತೆ ಬೆದೆಗೆ ಬಂದು ಮಾರ್ಚ್ 26ರಂದು ಎರಡನೆಯ ಸಲ ಮಾಡಿಸಿದರು. ಎರಡೂ ತಾರೀಕುಗಳು ದಾಖಲೆಯಲ್ಲಿ ಸರಿಯಾಗಿಯೇ ಇದ್ದವು. ಆದರೆ ನಾನು ನೋಡಿದ ಪುಟದಲ್ಲಿ ಇದ್ದದ್ದು ಮಾರ್ಚ್ 5 ಒಂದೇ. ಹಸುವಿನ ಗರ್ಭಾವಧಿ ಸುಮಾರು 280 ದಿನ. ಹಾಗೆ ಎಣಿಸಿದರೆ ಕರು ಹಾಕುವುದು ಡಿಸೆಂಬರ್ 10ಕ್ಕೆ, ಅದಕ್ಕೆ 60 ದಿನ ಮುಂಚೆ ಹಾಲು ಬತ್ತಿಸಬೇಕಾದ್ದು ಅಕ್ಟೋಬರ್ 11ಕ್ಕೆ. ಅದನ್ನೇ ಅವರ ಕಾರ್ಡಿನಲ್ಲಿ ಬರೆದುಕೊಟ್ಟೆ.

ಡಿಸೆಂಬರ್ ಮೂರನೆಯ ವಾರದಲ್ಲಿ ಸಂಘದ ಹತ್ತಿರ ಸಿಕ್ಕಾಗ ಆಕೆ, "ಡಾಕ್ಟ್ರೇ, ನೀವು ಹೇಳಿದ ತಾರೀಕು ದಾಟಿ ಹತ್ತು ದಿನ ಆಯ್ತು, ಕೆಚ್ಚಲೇ ದಪ್ಪ ಆಗಿಲ್ಲವಲ್ಲ" ಎಂದರು. ಸಂಘದ ಹಳೆಯ ಪುಸ್ತಕ ತೆಗೆಸಿ ನೋಡಿದಾಗಲೇ ಎರಡನೆಯ ತಾರೀಕು ಕಣ್ಣಿಗೆ ಬಿದ್ದದ್ದು. ಮಾರ್ಚ್ 26ರಿಂದ ಎಣಿಸಿದರೆ ಕರು ಹಾಕುವುದು ಡಿಸೆಂಬರ್ 31ಕ್ಕೆ, ಬತ್ತಿಸಬೇಕಾದ್ದು ನವೆಂಬರ್ 1ಕ್ಕೆ. ದಿನಕ್ಕೆ 6 ಲೀಟರ್ ಕೊಡುತ್ತಿದ್ದ ಹಸುವನ್ನು 21 ದಿನ ಮುಂಚೆಯೇ ಬತ್ತಿಸಿದಂತಾಯಿತು. ನೂರಿಪ್ಪತ್ತಾರು ಲೀಟರಿನ ಬಟವಾಡೆ ಎಷ್ಟಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಇನ್ನು ತಪ್ಪು ಎಲ್ಲಿ ಆಯಿತು ಎಂಬುದನ್ನು ನೋಡೋಣ.

ಮಾಹಿತಿಯೆಲ್ಲ ಇರುವುದು ಒಂದು ದೊಡ್ಡ ಲೆಡ್ಜರಿನಲ್ಲಿ ಎಂದುಕೊಳ್ಳಿ. ಇದನ್ನು ಡೇಟಾಬೇಸ್ ಎನ್ನುತ್ತಾರೆ. ಒಂದು ಗರ್ಭಧಾರಣೆಗೆ ಒಂದು ಸಾಲು, ಒಂದು ಲಸಿಕೆಗೆ ಒಂದು ಸಾಲು. ನೀವು ಓಲೆಯ ಸಂಖ್ಯೆ ಒತ್ತಿದಾಗ ಕಂಪ್ಯೂಟರ್ ಆ ಲೆಡ್ಜರಿಗೆ ಒಂದು ಪ್ರಶ್ನೆ ಕಳಿಸುತ್ತದೆ: "ಈ ಸಂಖ್ಯೆಯ ರಾಸಿಗೆ ಸೇರಿದ ಗರ್ಭಧಾರಣೆಯ ಸಾಲುಗಳನ್ನು ಕೊಡು." ಉತ್ತರವಾಗಿ ಸಾಲುಗಳು ಬರುತ್ತವೆ. ಒಂದು ಬರಬಹುದು, ನಾಲ್ಕು ಬರಬಹುದು, ಒಂದೂ ಬಾರದೆಯೂ ಇರಬಹುದು.

ಪುಟ ಎಂಬುದು ಬೇರೆಯೇ ವಸ್ತು. ಸಂಘದಲ್ಲಿ ಅಚ್ಚು ಹಾಕಿಸಿಟ್ಟ ಬಟವಾಡೆ ಚೀಟಿ ನೋಡಿದ್ದೀರಲ್ಲ, ಹೆಸರು, ಲೀಟರ್, ಜಿಡ್ಡು, ಮೊತ್ತ ಎಂದು ಬರೆದು ಎದುರಿಗೆ ಜಾಗ ಖಾಲಿ ಬಿಟ್ಟಿರುತ್ತಾರೆ. ಅಂಥದ್ದೇ ಒಂದು ನಮೂನೆ ಕಂಪ್ಯೂಟರಿನಲ್ಲಿಯೂ ಇರುತ್ತದೆ. ಇದಕ್ಕೆ ಟೆಂಪ್ಲೇಟ್ ಎಂದು ಹೆಸರು. ಲೆಡ್ಜರಿನಿಂದ ಬಂದ ಉತ್ತರವನ್ನು ಈ ನಮೂನೆಯ ಕೈಗೆ ಕೊಟ್ಟರೆ ಅದು ಖಾಲಿ ಜಾಗಗಳನ್ನು ತುಂಬಿ ಪರದೆಗೆ ಕಳಿಸುತ್ತದೆ. ನಮೂನೆಗೆ ಸ್ವಂತ ಬುದ್ಧಿ ಇಲ್ಲ. ಕೊಟ್ಟದ್ದನ್ನು, ಇರುವ ಜಾಗದಲ್ಲಿ ಬರೆಯುತ್ತದೆ, ಅಷ್ಟೆ.

ನಾನು ನೋಡಿದ ಪುಟದ ನಮೂನೆಯಲ್ಲಿ ಗರ್ಭಧಾರಣೆಯ ತಾರೀಕಿಗೆ ಒಂದೇ ಜಾಗ ಇತ್ತು. ಉತ್ತರದಲ್ಲಿ ಬಂದದ್ದು ಎರಡು ಸಾಲು. ಮೊದಲು ಸಿಕ್ಕ ಸಾಲನ್ನು ತುಂಬಿ ಇನ್ನೊಂದನ್ನು ಬಿಟ್ಟುಬಿಟ್ಟಿತು. ಇದಕ್ಕೆ ಪರಿಹಾರ ಎರಡು ಕಡೆ ಆಗಬೇಕು. ಪ್ರಶ್ನೆಯಲ್ಲಿಯೇ "ಇತ್ತೀಚಿನದು ಮೊದಲು ಬರಲಿ" ಎಂದು ಸ್ಪಷ್ಟವಾಗಿ ಕೇಳಬೇಕು. ಕೇಳದಿದ್ದರೆ ಸಾಲುಗಳು ಇಂಥದ್ದೇ ಕ್ರಮದಲ್ಲಿ ಬರುತ್ತವೆಂಬ ಖಾತರಿ ಇಲ್ಲ. ನಮೂನೆಯಲ್ಲಿಯೂ "ಎಷ್ಟು ಸಾಲು ಬಂದರೆ ಅಷ್ಟು ಸಲ ಈ ಗೆರೆಯನ್ನು ಬರೆ" ಎಂಬ ಸೂಚನೆ ಇರಬೇಕು. ಕಾರ್ಯಕ್ರಮ ಬರೆದ ಹುಡುಗನಿಗೆ ಇದು ಅರ್ಧ ಗಂಟೆಯ ಕೆಲಸವಾಯಿತು. ಹಸು ಮೂರು ವಾರಕ್ಕೆ ತಿರುಗಿ ಬೆದೆಗೆ ಬರುತ್ತದೆಂಬ ಸಂಗತಿ ಆತನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ನಮ್ಮಂಥವರೇ.

ತಾರೀಕಿನ ವಿಷಯದಲ್ಲಿ ಇನ್ನೂ ಕೆಟ್ಟದ್ದು ಆಗಬಹುದು. ಲೆಡ್ಜರಿನಲ್ಲಿ ತಾರೀಕು ಸಾಮಾನ್ಯವಾಗಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿರುತ್ತದೆ. ಅದನ್ನು ಹೇಗೆ ತೋರಿಸಬೇಕೆಂಬುದು ನಮೂನೆ ಬರೆದವರ ಕೈಯಲ್ಲಿದೆ. ಅಮೆರಿಕದ ಪದ್ಧತಿಯಂತೆ ತಿಂಗಳು ಮೊದಲು ಬರೆದರೆ ಮಾರ್ಚ್ 5 ಎಂಬುದು 03-05 ಆಗುತ್ತದೆ. ನಾವು ಅದನ್ನು ಮೇ 3 ಎಂದು ಓದುತ್ತೇವೆ. ಮೇ 3ರಿಂದ ಎಣಿಸಿದರೆ ಕರು ಹಾಕುವುದು ಫೆಬ್ರವರಿ 7ಕ್ಕೆ, ಬತ್ತಿಸುವುದು ಡಿಸೆಂಬರ್ 9ಕ್ಕೆ. ಮಾರ್ಚ್ 5ಕ್ಕೆ ಗಬ್ಬವಾದ ಹಸು ಕರು ಹಾಕುವುದು ಡಿಸೆಂಬರ್ 10ರ ಸುಮಾರಿಗೆ! ಕೊನೆಯ ದಿನದವರೆಗೂ ಕರೆಯುತ್ತಲೇ ಇರುತ್ತೇವೆ. ಕೆಚ್ಚಲಿಗೆ ವಿಶ್ರಾಂತಿ ಇಲ್ಲ, ಗಿಣ್ಣು ಹಾಲಿನಲ್ಲಿ ಸತ್ವ ಕಡಿಮೆ, ಮುಂದಿನ ಸೂಲಿನಲ್ಲಿ ಹಾಲೂ ಇಳಿಯುತ್ತದೆ. ಗಮನಿಸಿ, ಮಾರ್ಚ್ 26 ಆಗಿದ್ದರೆ ಈ ಗೊಂದಲವಿಲ್ಲ, ಏಕೆಂದರೆ 26ನೆಯ ತಿಂಗಳು ಎಂಬುದೇ ಇಲ್ಲ. 12ನೆಯ ತಾರೀಕಿನ ಒಳಗಿನ ದಿನಗಳಲ್ಲಿ ಮಾತ್ರ ಮೋಸ ಹೋಗುತ್ತೇವೆ. ತಿಂಗಳನ್ನು ಅಕ್ಷರದಲ್ಲಿ ಬರೆದ ಪುಟವೇ ವಾಸಿ.

ಖಾಲಿ ಜಾಗದ ಬಗ್ಗೆಯೂ ಒಂದು ಮಾತು. ಕಾಲುಬಾಯಿ ರೋಗದ ಲಸಿಕೆಯ ಎದುರು ಏನೂ ಇಲ್ಲವೆಂದರೆ ಲಸಿಕೆ ಹಾಕಿಲ್ಲ ಎಂದೇ ಅರ್ಥವಲ್ಲ. ಹಾಕಿದ್ದನ್ನು ಇನ್ನೂ ದಾಖಲು ಮಾಡದೆ ಇರಬಹುದು, ಅಥವಾ ಓಲೆಯ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿ ಒತ್ತಿರಬಹುದು. ಬಟವಾಡೆಯಲ್ಲಿಯೂ ಹೀಗೆಯೇ. ಒಂದು ಹೊತ್ತಿನ ಜಿಡ್ಡು ಪರೀಕ್ಷೆ ದಾಖಲಾಗದೆ ಖಾಲಿ ಉಳಿದಿದ್ದರೆ ಅದನ್ನು ಖಾಲಿ ಎಂದೇ ತೋರಿಸಬೇಕು. ಕೆಲವು ನಮೂನೆಗಳು ಅಲ್ಲಿ 0.0 ಎಂದು ಬರೆದುಬಿಡುತ್ತವೆ. ಹಸುವಿನ ಹಾಲಿನಲ್ಲಿ ಜಿಡ್ಡು ಸೊನ್ನೆ ಎಂದು ಕಂಡರೆ ಸುಮ್ಮನಿರಬೇಡಿ, ಅದೇ ಹೊತ್ತಿಗೆ ಕಾರ್ಯದರ್ಶಿಯವರನ್ನು ಕೇಳಿ.

ಮನೆಯ ಕಾರ್ಡನ್ನು ಮಾತ್ರ ಬಿಸಾಡಬೇಡಿ. ಪ್ರತಿ ಸಲ ಗರ್ಭಧಾರಣೆ ಮಾಡಿಸಿದಾಗಲೂ ತಾರೀಕನ್ನು ಅದರಲ್ಲಿ ಬರೆಸಿಕೊಳ್ಳಿ. ತಿರುಗಿ ಬೆದೆಗೆ ಬಂದಿದ್ದರೆ ಗರ್ಭ ಪರೀಕ್ಷೆಗೆ ಬಂದ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ನಾನು ಹೇಳಿದ ಆ ಹಸು ಜನವರಿ 2ರಂದು ಹೆಣ್ಣು ಕರು ಹಾಕಿತು. ಆ ಸದಸ್ಯೆ ಈಗ ನಾನು ಬರೆದುಕೊಟ್ಟ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ತಾವು ಗುರುತು ಹಾಕಿದ್ದಕ್ಕೆ ತಾಳೆ ನೋಡಿಯೇ ಒಪ್ಪುತ್ತಾರೆ.